ಸೋಮವಾರ ನನ್ನ ಮೈಕು ಬರುವುದಿಲ್ಲ

ಮಾನ್ಯ ಶಾಸಕರೇ,

ಮಾರುಕಟ್ಟೆ ಬೀದಿಯ ಫುಟ್‌ಪಾತಿನಲ್ಲಿ ಕೂತವರೆಲ್ಲ ಜಾಗ ಖಾಲಿ ಮಾಡಬೇಕೆಂದು ಸೋಮವಾರ ಮೈಕಿನಲ್ಲಿ ಕೂಗಿ ಹೇಳಲು ನಿಮ್ಮ ಕಚೇರಿಯಿಂದ ನನಗೆ ಫೋನ್ ಬಂದಿದೆ. ಅಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕೂತಿರುವವಳು ನನ್ನ ಒಡಹುಟ್ಟಿದ ಅಕ್ಕ. ಈ ಘನಕಾರ್ಯಕ್ಕೆ ನನ್ನನ್ನೇ ಆರಿಸಿದ ನಿಮ್ಮ ಔಚಿತ್ಯಪ್ರಜ್ಞೆಗೆ ಶರಣು.

ನಾನು ಮೈಕ್‌ಸೆಟ್ ಬಾಡಿಗೆಗೆ ಕೊಡುವವನು. ಹಳೆಯ ಎರಡೂ ಪಕ್ಷಗಳಿಗೆ ವರ್ಷಾನುಗಟ್ಟಲೆ ಮೈಕ್ ಕಟ್ಟಿದ್ದೇನೆ. ವೇದಿಕೆಯ ಮೇಲೆ ಹಾವು-ಮುಂಗುಸಿಯಾಗಿದ್ದವರು ಇಳಿದ ಮೇಲೆ ಒಂದೇ ಕಾರಿನಲ್ಲಿ ಹೋಗುವುದನ್ನು ವೈರು ಸುತ್ತುತ್ತಾ ಕಣ್ಣಾರೆ ಕಂಡು ರೋಸಿಹೋಗಿದ್ದೆ. ಅಷ್ಟರಲ್ಲಿ ನೀವು ಬಂದಿರಿ. ತೋಳೇರಿಸಿ, "ಬೀದಿ ನುಂಗಿದ ಕಳ್ಳರನ್ನ ಒಬ್ಬೊಬ್ಬರನ್ನೇ ಎಳೆದು ಹಾಕ್ತೀನಿ!" ಎಂದಿರಿ. ಗಂಡಸು ಅಂದ್ರೆ ಇವನಪ್ಪ ಎಂದುಕೊಂಡು, ಯಾರೂ ಕೇಳದಿದ್ದರೂ ಎಕೋ ಏರಿಸಿದೆ. ಯಾರು ಆ ಕಳ್ಳರು ಎಂದು ಕೇಳಬೇಕಿತ್ತಲ್ಲವೇ? ನಮ್ಮ ಕಸುಬಿನವರಿಗೆ ಮಾತಿನ ಅರ್ಥದ ಹಂಗಿಲ್ಲ. ದನಿ ಒಡೆಯದಿದ್ದರೆ, ಮೈಕು ಕುಯ್ ಅನ್ನದಿದ್ದರೆ ಸಾಕು. ಬೀದಿಯ ಮೇಲಕ್ಕೇ ಮಹಡಿ ಚಾಚಿದ ದೊಡ್ಡ ಅಂಗಡಿಯವರಿಗೆ ಹೇಳುತ್ತಿದ್ದೀರೆಂದು ನಾನೇ ಅಂದುಕೊಂಡೆ. ಅವರೋ ಮುಂದಿನ ಸಾಲಿನಲ್ಲೇ ಕೂತು ಚಪ್ಪಾಳೆ ತಟ್ಟುತ್ತಿದ್ದರು. ಕಂಡೂ ನನಗೆ ಹೊಳೆಯಲಿಲ್ಲ.

ಅಕ್ಕನಿಗೆ ಮೊದಲೇ ಅನುಮಾನ. "ಬಾಯಿ ದೊಡ್ಡದು ಕಣೋ ಇವನದು, ನಂಗ್ಯಾಕೋ ಸರಿ ಕಾಣಲ್ಲ" ಅಂದಳು. "ನಿಂಗೇನ್ ಗೊತ್ತಾಗುತ್ತೆ, ಸುಮ್ನೆ ಒತ್ತಕ್ಕಾ" ಎಂದು ಗದರಿ ಮತಗಟ್ಟೆಗೆ ಕರೆದುಕೊಂಡು ಹೋದವನು ನಾನೇ.

ನಿನ್ನೆ ಫೋನ್ ಬಂದ ಸಂಗತಿ ಹೇಳಲು ಹೋದೆ. ಯಾರದೋ ಪ್ಯಾಂಟಿನ ಅಂಚು ಮಡಚಿ ಹೊಲಿಯುತ್ತಿದ್ದಳು. ತಲೆ ಎತ್ತದೆ, "ಹಂಗಾದ್ರೆ ಕಳ್ಳಿ ನಾನೇನಾ?" ಅಂದಳು. ದಾರ ಕಡಿದು, "ನೀನೇ ಕೂಗಪ್ಪ. ಬೇರೆಯವರಾದ್ರೆ ಗದರಿಸ್ತಾರೆ, ನೀನಾದ್ರೆ ಮೆತ್ತಗೆ ಹೇಳ್ತೀಯ" ಅಂದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು, ಮಾನ್ಯರೇ. ನಾಚಿಕೆಯಿಂದ ಸತ್ತೇ ಹೋದೆ.

ಕೋಪದಲ್ಲಿ ಕೊಯ್ದುಕೊಂಡ ಮೂಗು ಸಮಾಧಾನವಾದ ಮೇಲೆ ಬರುವುದಿಲ್ಲ, ಬಲ್ಲೆ. ಹೋದದ್ದು ನನ್ನ ಮೂಗಷ್ಟೇ ಆಗಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಈಗ ಹೋಗುತ್ತಿರುವುದು ಅಕ್ಕನ ಅನ್ನ. ಆದೇಶ ಹಿಂತೆಗೆದುಕೊಳ್ಳಿ. ಅದಾಗದು ಎನ್ನುವಿರಾದರೆ ಸೋಮವಾರ ತಾವೇ ದಯಮಾಡಿಸಿ. ಎಕೋ ಇಲ್ಲದೆ, ಬರಿಬಾಯಲ್ಲಿ, ಅವಳ ಮುಖ ನೋಡಿಕೊಂಡು ಒಂದು ಸಲ ಕಳ್ಳಿ ಅನ್ನಿ. ಆಮೇಲೆ ಅವಳ ಯಂತ್ರವನ್ನು ನಾನೇ ಹೊತ್ತು ಮನೆಗೆ ಒಯ್ಯುತ್ತೇನೆ.

ಇಂತಿ,
ತನ್ನದು ಸಾಲದೆಂದು ಅಕ್ಕನ ಓಟನ್ನೂ ನಿಮಗೇ ಹಾಕಿಸಿದ
ತಮ್ಮ