ದೇವರಿಗೆ ಬಿಟ್ಟ ಮಾತು

ಮನೆಯಿಂದ,
ಮಂಗಳವಾರ, ೧೪ನೇ ತಾರೀಖು

ನನ್ನ ಬಂಗಾರದ ಮಗಳೇ,

ಹೇಗಿದ್ದೀಯೆ? ನಿದ್ದೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ? ಕುಡಿತ ನಿಲ್ಲಿಸಿ ಎಪ್ಪತ್ತು ದಿನವಾಯಿತೆಂದು ಅಲ್ಲಿನ ನರ್ಸಮ್ಮ ಫೋನಿನಲ್ಲಿ ಹೇಳಿದರು. ದೇವರು ದೊಡ್ಡವನು. ನನಗೆ ಮಂಡಿನೋವೊಂದೇ. ಮಗುವಿನ ವಿಚಾರದಲ್ಲಿ ಕೋರ್ಟಿನ ತೀರ್ಪು ಬಂದ ಮೇಲೆ ಬರೆದ ನನ್ನ ಎರಡು ಪತ್ರಗಳನ್ನೂ ನೀನು ತೆರೆದೇ ನೋಡಿಲ್ಲವಂತೆ. ಇದನ್ನು ಓದಿ ಹೇಳುತ್ತೇನೆಂದು ನರ್ಸಮ್ಮ ಮಾತು ಕೊಟ್ಟಿದ್ದಾರೆ. ಅಜ್ಜಿಯೇ ಮೊಮ್ಮಗಳನ್ನು ಬೇಡವೆಂದಳು ಎಂದು ತೀರ್ಪಿನಲ್ಲಿದೆ. ನಿನಗೆ ಸಿಟ್ಟು ಬರದೆ ಇನ್ನೇನು ಬಂದೀತು.

ನಡೆದದ್ದು ಕೇಳು. ಮಕ್ಕಳ ರಕ್ಷಣೆ ಕಚೇರಿಯ ಹುಡುಗಿ ಮನೆಗೆ ಬಂದು, "ಮುಂದೆ ಮಗು ವಿಚಾರ ಏನ್ ಮಾಡ್ತೀರಮ್ಮಾ" ಎಂದು ಕೇಳಿದಳು. ನಾನು ನಿನ್ನ ಮಗಳ, ನಮ್ಮ ಗುಂಡಮ್ಮನ ಜಡೆ ಹೆಣೆಯುತ್ತಿದ್ದೆ. "ಎಲ್ಲಾ ದೇವರಿಗೆ ಬಿಟ್ಟಿದ್ದೀನಮ್ಮಾ" ಎಂದೆ. ಬುದ್ಧಿ ಬಂದಾಗಿನಿಂದ ಆಡುತ್ತಾ ಬಂದ ಮಾತು. ನಿನ್ನ ಹೆರಿಗೆಯಲ್ಲೂ ಅದನ್ನೇ ಅಂದಿದ್ದೆ, ಹಾಗಂತ ನಿನ್ನನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಂದೆನೇ? ಅವಳು ಬರೆದುಕೊಂಡದ್ದು, "ಅಜ್ಜಿ ಮಗುವಿನ ಹೊಣೆಯನ್ನು ಬಿಟ್ಟಿದ್ದಾರೆ" ಎಂದು. ದೇವರನ್ನೇ ವಾಕ್ಯದಿಂದ ಹೊರಗೆ ಹಾಕಿದಳು. ನ್ಯಾಯಾಧೀಶರು ಅದನ್ನು ನಂಬಿ, ಮಗುವನ್ನು ದತ್ತು ಕೊಡಬಹುದೆಂದು ಬರೆದುಬಿಟ್ಟರು.

ನಾನು ಅವಳ ಕಚೇರಿಯ ದೂರು ವಿಭಾಗಕ್ಕೆ ನಾಲ್ಕು ಪುಟ ಬರೆದೆ. ಮೂರು ವಾರ ಕಾದೆ. ನಿನ್ನೆ ಲಾಂಡ್ರಿ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಅಲ್ಲಿಗೆ ಹೋದರೆ, ಕಿಟಕಿಯ ಹಿಂದಿದ್ದ ಗುಮಾಸ್ತ ನನ್ನ ಕಾಗದವನ್ನು ನನ್ನ ಕಡೆಗೇ ತಳ್ಳಿ, "ಕೋರ್ಟ್ ತೀರ್ಪಿನ ಮೇಲೆ ನಾವು ದೂರು ತಗೊಳ್ಳೋ ಹಾಗಿಲ್ಲಮ್ಮ. ಕೋರ್ಟಿಗೆ ಕೊಟ್ಟ ವರದಿ ಮೇಲೂ ಇಲ್ಲ. ಅಧಿಕಾರಿ ಒರಟಾಗಿ ಮಾತಾಡಿದ್ರಾ, ತಡವಾಗಿ ಬಂದ್ರಾ, ಅಂಥದ್ದಿದ್ರೆ ಹೇಳಿ" ಎಂದ. ಏನು ಹೇಳಲಿ? ಹೇಳಿದ ಹೊತ್ತಿಗೆ ಬಂದಳು, ಬಾಗಿಲು ತಟ್ಟಿಯೇ ಒಳಗೆ ಬಂದಳು. ತೀರ್ಪಿನ ಮರುದಿನ ಮಗುವನ್ನು ಕರೆದುಕೊಂಡು ಹೋಗುವಾಗಲೂ "ಬರ್ತೀನಮ್ಮಾ" ಎಂದಳು. "ತುಂಬಾ ಮರ್ಯಾದಸ್ಥೆ ಕಣಪ್ಪಾ, ಮರ್ಯಾದೆಯಾಗೇ ನನ್ನ ಮನೆ ಬರಿದು ಮಾಡಿದ್ಲು, ಅದಕ್ಕೆ ನಿನ್ನ ಹತ್ರ ಯಾವ ಫಾರಂ ಇದೆ" ಎಂದೆ. ಸಾಲಿನಲ್ಲಿದ್ದವರು ನಕ್ಕರು. ನನಗೆ ಮೈಯೆಲ್ಲಾ ಉರಿಯಿತು.

ಅವನೇನು ಕೆಟ್ಟವನಲ್ಲ. ದನಿ ತಗ್ಗಿಸಿ, "ಇದಕ್ಕೆ ದೂರಲ್ಲಮ್ಮ, ಮೇಲ್ಮನವಿ. ಮೇಲಿನ ಕೋರ್ಟಿಗೆ, ಮೂವತ್ತು ದಿನದೊಳಗೆ" ಎಂದ. ಇದನ್ನು ಮೊದಲೇ ಹೇಳಲು ಇವರಿಗೆಲ್ಲ ಏನು ಧಾಡಿಯಾಗಿತ್ತು? ಇವತ್ತು ಪ್ರಾರ್ಥನೆಗೆ ಕೂತು ಬಾಯಿಗೆ ಬಂದಂತೆ ಬೈದೆ. ದೇವರು ಕೇಳಿಸಿಕೊಂಡಿರುತ್ತಾನೆ, ಅವನ ಹತ್ತಿರ ದೂರಿಗೆ ಬೇರೆ ಕಿಟಕಿಯಿಲ್ಲ.

ಚೆನ್ನಾಗಿರು, ಗಟ್ಟಿಯಾಗಿರು. ದಿನಾ ಬೆಳಿಗ್ಗೆ ನಿನ್ನ ಹೆಸರನ್ನೂ ಗುಂಡಮ್ಮನ ಹೆಸರನ್ನೂ ಒಟ್ಟಿಗೇ ಹೇಳಿ ಕೈಮುಗಿಯುತ್ತೇನೆ.

ಇಂತಿ,
ನಿನ್ನ ಅಮ್ಮ

ಮರೆತಿದ್ದೆ, ಅಂಚೆಗೆ ಹೊತ್ತಾಯಿತು. ಮೇಲ್ಮನವಿಗೆ ನನ್ನ ಸಹಿ ನಡೆಯುವುದಿಲ್ಲವಂತೆ, ಹೆತ್ತವಳದೇ ಬೇಕಂತೆ. ಅರ್ಜಿ ಇದರ ಜೊತೆಗಿದೆ, ಸಹಿ ಹಾಕುವ ಕಡೆ ಪೆನ್ಸಿಲ್ ಗುರುತು ಮಾಡಿದ್ದೇನೆ. ಸೋಮವಾರ ಕೊನೇ ದಿನ. ಶುಕ್ರವಾರ ಬೆಳಿಗ್ಗೆ ನಿಮ್ಮ ಗೇಟಿನಲ್ಲಿ ನಿಂತಿರುತ್ತೇನೆ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ನೋಡಬೇಡ, ಸಹಿ ಹಾಕಿ ನರ್ಸಮ್ಮನ ಕೈಯಲ್ಲಿ ಕಳಿಸು.