ನಿಮ್ಮ ಜಾಹೀರಾತಿನ ಅಜ್ಜಿ ಮಾತಾಡುತ್ತಿದ್ದೇನೆ

ನಮ್ಮ ಗೂನಾ ದ್ವೀಪಗಳ ಮಾನ್ಯ ಪ್ರವಾಸ ಕಾರ್ಯದರ್ಶಿಗಳೇ,

ನನ್ನ ಮೊಮ್ಮಗಳು ಬುನು ಮೈನೆರೆದು ವಾರವಾಗುತ್ತ ಬಂತು. ಅವಳ ತಲೆಗೆ ಸಮುದ್ರದ ನೀರು ಸುರಿಯಲು ಊರಿನ ಒಬ್ಬ ಹೆಂಗಸೂ ಬಂದಿಲ್ಲ. ಬರಲು ನೀವು ಬಿಟ್ಟಿಲ್ಲ. ನಾವು ಊರಿಗೆ ಹೋಗುವಂತೆಯೂ ಇಲ್ಲ, ಊರು ನಮ್ಮಲ್ಲಿಗೆ ಬರುವಂತೆಯೂ ಇಲ್ಲ. ನಾನು ಹೇಳುತ್ತಿದ್ದೇನೆ, ಮಗಳು ಬರೆಯುತ್ತಿದ್ದಾಳೆ. "ಸ್ವಲ್ಪ ಮೆತ್ತಗೆ ಬರೀಲೇನಮ್ಮ?" ಎಂದಳು. "ನಾನ್ ಹೇಳ್ದಂಗೆ ಬರಿ, ಮೆತ್ತಗಿದ್ದದ್ದಕ್ಕೇ ಈ ಗತಿ ಬಂದಿರೋದು" ಎಂದೆ.

ಈ ತೆಂಗಿನ ದ್ವೀಪವನ್ನು ನಾಲ್ಕು ಮನೆತನದವರು ಪಾಳಿಯ ಮೇಲೆ ಕಾಯುತ್ತೇವೆ. ಮುಂದಿನ ಪಾಳಿಯವರ ದೋಣಿ ದಡ ಮುಟ್ಟುವ ತನಕ ಹಿಂದಿನವರು ಕದಲಬಾರದು. ಕದಲಿದರೆ ಆ ಮನೆತನಕ್ಕೆ ಪಾಳಿಯೂ ತಪ್ಪಿತು, ತೆಂಗೂ ತಪ್ಪಿತು. ಕಾಯಿ ಕದಿಯುವವರಿಗೆಂದು ಹಿರಿಯರು ಹಾಕಿದ ಈ ಕಟ್ಟಳೆ ನಿಮ್ಮ ಕೈಯಲ್ಲಿ ನಮ್ಮನ್ನೇ ಕಟ್ಟುವ ಹಗ್ಗವಾಯಿತು. ನಮ್ಮ ಪಾಳಿ ಮುಗಿಯಿತು. ದೋಣಿಯ ಬದಲು ನಿಮ್ಮ ಆದೇಶ ಬಂತು. ಜಾಹೀರಾತಿನಲ್ಲಿ ಮೂಗಿಗೆ ಚಿನ್ನದ ನತ್ತು ತೊಟ್ಟು ಕುಳಿತಿರುವ ಅಜ್ಜಿ ನಾನೇ ಆದ್ದರಿಂದ, ಪ್ರವಾಸದ ಕಾಲ ಮುಗಿಯುವವರೆಗೆ ಇಲ್ಲಿ ನಾನೇ ಇರಬೇಕಂತೆ. ದೂರದ ಜನ ತಿಂಗಳುಗಟ್ಟಲೆ ಯೋಜನೆ ಹಾಕಿ ಬರುವುದು "ಒಂದೇ ಕುಟುಂಬವಿರುವ ಪ್ರಶಾಂತ ದ್ವೀಪ"ಕ್ಕಂತೆ. ಆದ್ದರಿಂದ ಊರಿನವರು ದೋಣಿ ತುಂಬಿಕೊಂಡು ಇತ್ತ ಬರಕೂಡದಂತೆ. ಆಹಾ! ನಮ್ಮ ದ್ವೀಪಕ್ಕೆ ನಾವು ಬಂದರೆ ಅದರ ಶಾಂತಿ ಕೆಡುತ್ತದೆ! ಇದು ಯಾವ ಊರಿನ ನ್ಯಾಯ ಸ್ವಾಮಿ?

ಇದರ ನಡುವೆ ಹುಡುಗಿ ದೊಡ್ಡವಳಾದಳು. ಇಂಥ ಹೊತ್ತಿನಲ್ಲಿ ಊರಿನ ಗಂಡಸರೆಲ್ಲ ಸೇರಿ ಹುಡುಗಿ ಕೂರಲು ಗರಿಗಳ ಎಲೆಮರೆ ಕಟ್ಟುತ್ತಾರೆ, ಹೆಂಗಸರೆಲ್ಲ ಬಂದು ನೀರು ಸುರಿಯುತ್ತಾರೆ. ಒಮ್ಮೆ ಎಲೆಮರೆ ನಿಂತಿತೆಂದರೆ ಸ್ನಾನ ಮುಗಿಯದೆ ಹುಡುಗಿ ಅದರೊಳಗಿಂದ ಬರುವಂತಿಲ್ಲ. ನಿಮಗೂ ಹೆಣ್ಣುಮಕ್ಕಳಿದ್ದಾರೆ, ಇದನ್ನು ನಿಮಗೆ ನಾನು ಹೇಳಿಕೊಡಬೇಕೇ? ಊರಿಗೆ ಮುಟ್ಟುವ ತನಕ ಎಲೆಮರೆ ಕಟ್ಟುವುದು ಬೇಡ, ಮನೆಯೊಳಗೇ ಇರಲಿ ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಅಳಿಯ ಎವೆಲಿಯೊ ಒಬ್ಬನೇ ತೆಂಗಿನ ಗರಿ ಕಡಿದು ಎಲೆಮರೆ ಕಟ್ಟಿ ಮುಗಿಸಿದ್ದ. ತಂದೆಯಾದವನು ಅದನ್ನು ಮುಟ್ಟಲೂಬಾರದು.

"ಏನಪ್ಪಾ ಮಾಡ್ಬಿಟ್ಟೆ!" ಎಂದೆ.

"ಪ್ರವಾಸಿಗಳು ಗೋಡೆ ಕಡ್ಡಿ ಸಂದೀಲಿ ಕ್ಯಾಮೆರಾ ಇಟ್ಟಿದ್ರು ಅತ್ತೆ. ಮಗು ಮೂಲೇಲಿ ಮುದುರ್ಕೊಂಡು ಕೂತಿತ್ತು. ನಂಗೆ ತಲೆ ಕೆಟ್ಟೋಯ್ತು, ಕಟ್ಬಿಟ್ಟೆ."

"ನನ್ನನ್ನ ಒಂದ್ಮಾತು ಕೇಳ್ಬಾರ್ದಿತ್ತಾ? ಇನ್ನು ದೋಣಿ ಬಂದ್ರೂ ಅವಳನ್ನ ಕರ್ಕೊಂಡು ಹೋಗೋ ಹಾಗಿಲ್ವಲ್ಲೋ!"

ಅವನು ಮರಳಿನಲ್ಲಿ ಕುಸಿದು ಕುಳಿತು ಅತ್ತ. ಅತ್ತ ದರಿ ಇತ್ತ ಪುಲಿ ಎಂಬಂತಾಗಿದೆ ನಮ್ಮ ಬಾಳು. ತಪ್ಪು ಅವನದೇ, ಒಪ್ಪಿದೆ. ಆದರೆ ಅವನನ್ನು ಆ ಮೂಲೆಗೆ ತಳ್ಳಿದವರು ಯಾರು?

ಹೆಂಗಸರನ್ನಾದರೂ ಕಳಿಸಿ ಎಂದು ಪ್ರವಾಸಿಗರನ್ನು ಕರೆತರುವ ದೋಣಿಯ ಬೆನಿಲ್ದೊನ ಕೈಯಲ್ಲಿ ನಿಮಗೆ ಹೇಳಿಕಳಿಸಿದೆ. ನಿಮ್ಮ ಉತ್ತರವನ್ನೂ ಅವನೇ ತಂದ.

"ಅಜ್ಜೀ, ನೀರು ಹಾಕೋಕೆ ಹೆಂಗಸರು ತಾನೆ ಬೇಕು? ಬರೋ ಪ್ರವಾಸಿಗಳಲ್ಲೇ ಇದಾರಲ್ಲ, ಅವ್ರೇ ಹಾಕ್ಲಿ ಅಂದ್ರು. ಅವ್ರಿಗೂ ಖುಷಿ ಆಗುತ್ತಂತೆ. ಪ್ರವಾಸದ ಯೋಜನೇಲಿ ಅದನ್ನೂ ಸೇರಿಸ್ತಾರಂತೆ."

"ನಿನ್ನ ತಂಗಿಗೂ ಹಂಗೇ ಹಾಕ್ಸಿದ್ಯೇನೋ?"

"ನನ್ನ ಮೇಲೆ ಯಾಕಜ್ಜಿ ರೇಗ್ತೀಯ, ನಾನು ದೋಣಿಯವ್ನು" ಎಂದು ತಲೆ ತಗ್ಗಿಸಿದ. ಅವನಿಗೆ ನಾಚಿಕೆಯಾದರೂ ಆಯಿತು.

ಬರುವ ಜನರನ್ನು ನಾನು ಬೈಯುವುದಿಲ್ಲ. ಎಲ್ಲರೂ ಇಣುಕುವವರಲ್ಲ. ಎಲೆಮರೆಯೊಳಗಿನ ಅಳು ಕೇಳಿ ಒಬ್ಬಾಕೆ ಕ್ಯಾಮೆರಾ ಚೀಲಕ್ಕೆ ಹಾಕಿ ದೂರ ಹೋಗಿ ನಿಂತಳು. ನಮ್ಮ ಭಾಷೆ ಬಾರದ ಅವಳಿಗೆ ಅರ್ಥವಾದದ್ದು ನಿಮಗೆ ಆಗಲಿಲ್ಲ. ದೋಣಿ ತಿರುಗಿದ ಮೇಲೆ ಬುನು ಒಳಗಿನಿಂದಲೇ ಕೇಳುತ್ತಾಳೆ, "ಅಜ್ಜೀ, ಹೋದ್ರಾ?" "ಹೋದ್ರು ಕಂದಾ." "ನಾಳೆ ಬೇರೆಯವ್ರು ಬರ್ತಾರಾ?" ಇದಕ್ಕೆ ನಾನೇನು ಹೇಳಲಿ? ನೀವೇ ಹೇಳಿ.

ನನ್ನ ಅಜ್ಜಿಯ ಕಾಲದಲ್ಲಿ ಆಚೆ ದಡದ ಸರ್ಕಾರದ ಪೊಲೀಸರು ಬಂದು ಈ ಸ್ನಾನ ಬೇಡ, ಈ ಉಡುಗೆ ಬೇಡ ಎಂದರು. ಹಿಡಿದು ನಿಲ್ಲಿಸಿ ನನ್ನಜ್ಜಿಯ ನತ್ತನ್ನು ಕಿತ್ತುಕೊಂಡರು. ಆಗ ನಮ್ಮವರು ತಿರುಗಿಬಿದ್ದು ಅವರನ್ನು ಓಡಿಸಿದರು, ಅದಕ್ಕೇ ಇಂದು ಈ ದ್ವೀಪಗಳ ಆಡಳಿತ ನಮ್ಮದು, ನಿಮ್ಮ ಕುರ್ಚಿಯೂ ನಮ್ಮದು. ಆ ಪೊಲೀಸರು ಸ್ನಾನ ಬೇಡ ಎಂದಿದ್ದರು. ನೀವು ಅದನ್ನು ಬಂದವರಿಗೆ ಆಟ ಮಾಡಿಕೊಡುತ್ತಿದ್ದೀರಿ. ಪರರು ಹೀಗೆ ಮಾಡಿದ್ದರೆ ಮತ್ತೆ ತಿರುಗಿಬೀಳುತ್ತಿದ್ದೆವು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಮೇಲೆ ಬೀಳುವುದು?

ನಾನು ಕೇಳುವುದು ಇಷ್ಟೆ. ಮೊಮ್ಮಗಳು ಎಲೆಮರೆಯಿಂದ ಹೊರಬರುವ ತನಕ ಪ್ರವಾಸಿಗರ ದೋಣಿ ನಿಲ್ಲಿಸಿ. ನಮ್ಮ ಹೆಂಗಸರ ದೋಣಿ ಬಿಡಿ, ಆಮೇಲೆ ಮುಂದಿನ ಪಾಳಿಯವರನ್ನೂ ಬಿಡಿ. ಈ ಪತ್ರವನ್ನು ಬೆನಿಲ್ದೊ ಊರೂರಿನ ಸಭಾಮನೆಯಲ್ಲಿ, ಹಿರಿಯರು ತೂಗುಮಂಚದಲ್ಲಿ ಕುಳಿತಿರುವಾಗ, ಗಟ್ಟಿಯಾಗಿ ಓದಿಸುತ್ತಾನೆ. ಮಾತು ಕೊಟ್ಟಿದ್ದಾನೆ.

ಅಲ್ಲಿಯವರೆಗೆ ಎಲೆಮರೆಯ ಬಾಗಿಲಿಗೆ ಅಡ್ಡವಾಗಿ ನಾನೇ ಕೂತಿರುತ್ತೇನೆ. ಆದರೆ ನಿಮ್ಮ ಅತಿಥಿಗಳಿಗೆ ಜಾಹೀರಾತಿನ ಅಜ್ಜಿ ಸಿಗುವುದಿಲ್ಲ. ನಮ್ಮ ಉಡುಗೆ ತೆಗೆದಿಟ್ಟು ಅಳಿಯನ ಹಳೆಯ ಅಂಗಿ ತೊಟ್ಟಿದ್ದೇನೆ. ನನ್ನಜ್ಜಿಯ ನತ್ತನ್ನು ಕೀಳಲು ಪೊಲೀಸರು ಬರಬೇಕಾಯಿತು. ನನ್ನದನ್ನು ಇಂದು ಬೆಳಿಗ್ಗೆ ನಾನೇ ತೆಗೆದು ಬುನುವಿನ ಕೈಗೆ ಕೊಟ್ಟಿದ್ದೇನೆ. ತಲೆಯಿಂದ ನೀರಿಳಿದ ದಿನ ಅವಳೇ ಅದನ್ನು ನನಗೆ ತೊಡಿಸಲಿ.

ಇಂತಿ,
ಪಾಳಿ ಮುಗಿದರೂ ಮನೆ ಕಾಣದ,
ನಿಮ್ಮದೇ ಕುಲದ ಮುದುಕಿ
ಇನಾದಿಲಿ