ಕರೆಂಟು ಬಂದು ಕರೆಂಟು ಹೋಯಿತು

ಜುಲೈ ೧೪, ಮಂಗಳವಾರ. ಬ್ರಯಿಲಾ.

ಬಾಲ್ಕನಿಯ ಮೇಜಿನ ಮೇಲಿರುವ ಸೆವೆರ್‌ನ ಹಳೇ ಲ್ಯಾಪ್‌ಟಾಪ್ ಬೆಳಗ್ಗೆಯಿಂದ ಚಾರ್ಜ್ ಆಗಲೊಲ್ಲದು. ಕೋಣೆಯಲ್ಲಿ ಬೇರೆ ಪ್ಲಗ್ಗಿಗೆ ಹಾಕಿದೆ, ಬ್ಯಾಟರಿ ತೆಗೆದು ಒರೆಸಿ ಕೂರಿಸಿದೆ. ದೀಪ ಹತ್ತಲಿಲ್ಲ. ತೀರಿಕೊಂಡ ನನ್ನ ಗಂಡ ಸೆವೆರ್‌ನ ದನಿ ಉಳಿದಿರುವುದು ಅದೊಂದರಲ್ಲೇ. ಬೇರೆ ಕಡೆ ಇಳಿಸಿಡಬೇಕು ಅಂದುಕೊಳ್ಳುತ್ತಲೇ ಇದ್ದೇನೆ.

"ಕರೆಂಟೇ ಬರ್ತಿಲ್ಲ," ಎಂದು ಗೊಣಗಿದೆ.

ಅಡುಗೆಮನೆಯಿಂದ ಅತ್ತೆ, "ಬರ್ದೆ ಏನು? ಕಿಟಕಿ, ಬಾಗಿಲು ಎರಡೂ ತೆಗೆದಿಟ್ಟಿದ್ದೀಯ. ನನ್ನ ಕತ್ತು ಆಗ್ಲೇ ಹಿಡ್ಕೊಂಡಿದೆ," ಎಂದರು.

ಬ್ರಯಿಲಾದ ನಮ್ಮ ಮಾತಿನಲ್ಲಿ ತಂತಿಯೊಳಗೆ ಹರಿಯುವುದೂ ಕರೆಂಟೇ, ಎದುರುಬದುರು ಕಿಟಕಿ ತೆರೆದರೆ ನುಗ್ಗುವ ಗಾಳಿಯೂ ಕರೆಂಟೇ. ಹಲ್ಲುನೋವಿನಿಂದ ಹಿಡಿದು ಎಲ್ಲಕ್ಕೂ ಆ ಗಾಳಿಯೇ ಕಾರಣವೆಂದು ಅತ್ತೆಯ ನಂಬಿಕೆ. ಇಂಥ ಸೆಕೆಯಲ್ಲೂ.

ಕಿಟಕಿ ಮುಚ್ಚಿ ಬಾಲ್ಕನಿ ಬಾಗಿಲು ಹಾಕಲು ಬಂದವರು, ಅದು ಕೂರದಿದ್ದಾಗ ಬಗ್ಗಿ ನೋಡಿದರು. ಕೋಣೆಯಿಂದ ಎಳೆದಿದ್ದ ಚಾರ್ಜರಿನ ವೈರು ಸಂದಿಯಲ್ಲಿ ಜಜ್ಜಿಹೋಗಿತ್ತು. ನಿನ್ನೆ ಗಾಳಿಗೆ ಬಾಗಿಲು ಬಡಿದದ್ದು ಆಗ ನೆನಪಾಯಿತು.

"ನೋಡು, ಕರೆಂಟು ಬಂದಿದ್ದಕ್ಕೇ ಕರೆಂಟು ಹೋಗಿರೋದು. ನಾನು ಹೇಳಿದ್ರೆ ನಗ್ತೀಯ."

ಅವರ ಹಟಕ್ಕೆ ಇವತ್ತು ಕೈ ಮುಗಿಯಬೇಕು. ಕೆಳಮನೆಯ ದೋಯಿನಾಳ ಚಾರ್ಜರ್ ತಂದು ಚುಚ್ಚಿದೆ. ಹಸಿರು ದೀಪ ಹತ್ತಿತು. ಇಬ್ಬರೂ ಕೂತು ಸೆವೆರ್‌ನ ಹುಟ್ಟುಹಬ್ಬದ ವಿಡಿಯೊ ಹಾಕಿದೆವು. ಅವನ ಮೊದಲ ಮಾತೇ ಇದು:

"ಅಮ್ಮಾ, ಆ ಕಿಟಕಿ ಸ್ವಲ್ಪ ತೆಗಿಯೇ. ಬೆಂದು ಹೋಗ್ತಿದೀನಿ."

ಅತ್ತೆ ಎದ್ದು ಹೋಗಿ ಕಿಟಕಿ ತೆಗೆದರು. ನಾನು ಅವರ ಕತ್ತಿಗೆ ಶಾಲು ಸುತ್ತಿದೆ.